ಜೈರಾಮ್ ರಮೇಶ್ ಮತ್ತು ಪರಿಸರ ಶಾಸನಗಳ ಸಂಸದೀಯ ಚರ್ಚೆ

ಜೈರಾಮ್ ರಮೇಶ್ (ಜನನ: 9 ಏಪ್ರಿಲ್ 1954, ಚಿಕ್ಕಮಗಳೂರು) ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಪಕ್ಷದ ರಾಜಕಾರಣಿ, ಲೇಖಕ ಹಾಗೂ ರಾಜ್ಯಸಭಾ ಸದಸ್ಯರು. 2004ರಿಂದ 2016ರವರೆಗೆ ರಾಜ್ಯಸಭೆಯಲ್ಲಿ ಆಂಧ್ರಪ್ರದೇಶವನ್ನು ಪ್ರತಿನಿಧಿಸಿದ ಇವರು 2016ರಲ್ಲಿ ಕರ್ನಾಟಕದಿಂದ ಆಯ್ಕೆಯಾದರು. 2022ರಲ್ಲಿ ಇದೇ ರಾಜ್ಯದಿಂದ ಪುನರಾಯ್ಕೆಯಾದರು. ಪರಿಸರ, ಅರಣ್ಯ, ವನ್ಯಜೀವಿ ಹಾಗೂ ಭೂಸ್ವಾಧೀನಕ್ಕೆ ಸಂಬಂಧಿಸಿದ ಶಾಸನಗಳಲ್ಲಿ ಇವರು ಮೂರು ನೆಲೆಗಳಿಂದ ಭಾಗವಹಿಸಿದ್ದಾರೆ: ಮಸೂದೆಯನ್ನು ಮಂಡಿಸುವ ಸಚಿವರಾಗಿ, ತಿದ್ದುಪಡಿ ಸೂಚಿಸುವ ವಿರೋಧ ಪಕ್ಷದ ಸದಸ್ಯರಾಗಿ ಮತ್ತು ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010

ರಮೇಶ್ 2009ರ ಮೇ ತಿಂಗಳಿಂದ 2011ರ ಜುಲೈವರೆಗೆ ಕೇಂದ್ರ ಪರಿಸರ ಮತ್ತು ಅರಣ್ಯ ಖಾತೆಯ ರಾಜ್ಯ ಸಚಿವರಾಗಿದ್ದರು (ಸ್ವತಂತ್ರ ನಿರ್ವಹಣೆ). ಈ ಅವಧಿಯಲ್ಲಿ ಅವರು ಸಂಸತ್ತಿನಲ್ಲಿ ಮುನ್ನಡೆಸಿದ ಪ್ರಮುಖ ಮಸೂದೆ ಹಸಿರು ನ್ಯಾಯಮಂಡಳಿಯದು. 2009ರ ಜುಲೈನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಈ ಮಸೂದೆ ಸ್ಥಾಯಿ ಸಮಿತಿಯ ಪರಿಶೀಲನೆಗೆ ಒಳಪಟ್ಟು, 2010ರಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆಯಿತು. ನ್ಯಾಯಮಂಡಳಿಯು 18 ಅಕ್ಟೋಬರ್ 2010ರಂದು ಅಸ್ತಿತ್ವಕ್ಕೆ ಬಂದಿತು.

ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ ಹಾಗೂ 'ಮಲಿನಗೊಳಿಸಿದವನೇ ತೆರಬೇಕು' ಎಂಬ ತತ್ತ್ವಗಳನ್ನು ಅನ್ವಯಿಸಿ ತೀರ್ಪು ನೀಡಬೇಕೆಂದು ಕಾಯ್ದೆಯೇ ವಿಧಿಸುತ್ತದೆ. ನ್ಯಾಯಮಂಡಳಿಯ ಆದೇಶದ ವಿರುದ್ಧ 90 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತವೆ.

ಭೂಸ್ವಾಧೀನ ಕಾಯ್ದೆ, 2013

2011ರ ಜುಲೈನಲ್ಲಿ ರಮೇಶ್ ಗ್ರಾಮೀಣಾಭಿವೃದ್ಧಿ ಸಚಿವರಾದರು. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯ ಬದಲಿಗೆ ಹೊಸ ಮಸೂದೆಯನ್ನು ಅದೇ ವರ್ಷ ಲೋಕಸಭೆಯಲ್ಲಿ ಮಂಡಿಸಿದರು. ಮಸೂದೆಗೆ 2013ರ ಆಗಸ್ಟ್ 29ರಂದು ಲೋಕಸಭೆಯ, ಸೆಪ್ಟೆಂಬರ್ 4ರಂದು ರಾಜ್ಯಸಭೆಯ ಒಪ್ಪಿಗೆ ದೊರೆಯಿತು. ಕಾಯ್ದೆಯು 1 ಜನವರಿ 2014ರಿಂದ ಜಾರಿಗೆ ಬಂದಿತು.

ಖಾಸಗಿ ಯೋಜನೆಗಾಗಿ ಭೂಮಿ ಪಡೆಯಲು ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇ. 70ರಷ್ಟು ಕುಟುಂಬಗಳ ಪೂರ್ವಸಮ್ಮತಿ ಅಗತ್ಯವೆಂದು ಕಾಯ್ದೆ ಹೇಳುತ್ತದೆ. ಸರ್ಕಾರವು ತನ್ನದೇ ಬಳಕೆಗೆ ಪಡೆಯುವ ಭೂಮಿಗೆ ಈ ಷರತ್ತು ಅನ್ವಯಿಸುವುದಿಲ್ಲ.

ನೀರಾವರಿ ಪ್ರದೇಶಗಳಿಗೆ ಹೆಚ್ಚು ಮುಖ್ಯವಾದುದು 10ನೆಯ ಪ್ರಕರಣ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯುವ ನೀರಾವರಿ ಭೂಮಿಯನ್ನು ಅಸಾಧಾರಣ ಸಂದರ್ಭದಲ್ಲಿ, ಕೊನೆಯ ಮಾರ್ಗವಾಗಿ ಮಾತ್ರ ಸ್ವಾಧೀನಪಡಿಸಿಕೊಳ್ಳಬಹುದೆಂದು ಅದು ನಿರ್ಬಂಧಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಗದ್ದೆಗಳು ಈ ಬಗೆಯ ಭೂಮಿಗೆ ಉದಾಹರಣೆ. ಕಾಲುವೆ ಬರುವ ಮೊದಲು ಒಣಬೇಸಾಯದ ಸೀಮೆಯಾಗಿದ್ದ ಇಲ್ಲಿ ಇಂದು ಅಕ್ಕಿಗಿರಣಿ, ಮಾರುಕಟ್ಟೆ ಹಾಗೂ ಕೂಲಿ ಎಲ್ಲವೂ ಈ ಗದ್ದೆಗಳನ್ನೇ ಅವಲಂಬಿಸಿವೆ. ಆದ್ದರಿಂದ ಈ ಪ್ರಕರಣದ ರಕ್ಷಣೆ ಜಮೀನಿನ ಒಡೆಯರಿಗೆ ಮಾತ್ರ ಸೀಮಿತವಾದುದಲ್ಲ.

2014ರ ಡಿಸೆಂಬರ್ 31ರ ಸುಗ್ರೀವಾಜ್ಞೆಯು ಕೆಲವು ವರ್ಗದ ಯೋಜನೆಗಳಿಗೆ ಈ ಷರತ್ತುಗಳಿಂದ ವಿನಾಯಿತಿ ನೀಡಿತು. ಅದಕ್ಕೆ ಸಂಬಂಧಿಸಿದ ಮಸೂದೆ 2015ರ ಮಾರ್ಚ್‌ನಲ್ಲಿ ಲೋಕಸಭೆಯ ಒಪ್ಪಿಗೆ ಪಡೆದರೂ ರಾಜ್ಯಸಭೆಯನ್ನು ದಾಟಲಿಲ್ಲ. ಸುಗ್ರೀವಾಜ್ಞೆ 2015ರ ಆಗಸ್ಟ್ ಕೊನೆಯಲ್ಲಿ ಲೋಪಗೊಂಡಿತು. ತರುವಾಯ ಹಲವು ರಾಜ್ಯಗಳು ತಮ್ಮದೇ ತಿದ್ದುಪಡಿಗಳನ್ನು ತಂದವು. ಕರ್ನಾಟಕವೂ 2019ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದಿತು.

ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಮಸೂದೆ, 2016

ಅರಣ್ಯಭೂಮಿಯನ್ನು ಗಣಿ, ರಸ್ತೆ, ಅಣೆಕಟ್ಟು ಮುಂತಾದ ಕಾರ್ಯಗಳಿಗೆ ಪಡೆಯುವವರು ಬದಲಿ ಅರಣ್ಯ ಬೆಳೆಸಲು ಹಣ ಕಟ್ಟಬೇಕು. ಹೀಗೆ ಸಂಗ್ರಹವಾಗಿದ್ದ 40,000 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತದ ಬಳಕೆಗೆ ವ್ಯವಸ್ಥೆ ಮಾಡುವುದು ಈ ಮಸೂದೆಯ ಉದ್ದೇಶ. ನಿಧಿಯಲ್ಲಿ ಶೇ. 90 ಭಾಗ ರಾಜ್ಯಗಳಿಗೆ, ಶೇ. 10 ಭಾಗ ಕೇಂದ್ರಕ್ಕೆ ಸಲ್ಲುತ್ತದೆ.

ಕಾಡಿನಂಚಿನ ಜನರು ಬಳಸುತ್ತಿರುವ ನೆಲದಲ್ಲಿ ನೆಡುತೋಪು ಬೆಳೆಸಿದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಗಳಿಗೆ ಧಕ್ಕೆಯಾಗಬಹುದೆಂಬುದು ರಾಜ್ಯಸಭೆಯ ಚರ್ಚೆಯ ಕೇಂದ್ರವಾಗಿತ್ತು. ಗ್ರಾಮಸಭೆಯ ಸಮ್ಮತಿಯನ್ನು ಕಾಯ್ದೆಯಲ್ಲೇ ಸೇರಿಸಬೇಕೆಂದು ರಮೇಶ್ ತಿದ್ದುಪಡಿ ಸೂಚಿಸಿದರು. ನಿಯಮಗಳಲ್ಲಿ ಈ ಅಂಶವನ್ನು ಅಳವಡಿಸುವುದಾಗಿ ಪರಿಸರ ಸಚಿವ ಅನಿಲ್ ಮಾಧವ ದವೆ ಭರವಸೆ ನೀಡಿದ ನಂತರ ಅದನ್ನು ಹಿಂತೆಗೆದುಕೊಂಡರು. 28 ಜುಲೈ 2016ರಂದು ಮಸೂದೆಗೆ ಒಪ್ಪಿಗೆ ದೊರೆಯಿತು.

ದವೆ 2017ರ ಮೇ ತಿಂಗಳಲ್ಲಿ ನಿಧನರಾದರು. 2018ರ ಆಗಸ್ಟ್‌ನಲ್ಲಿ ಹೊರಬಂದ ನಿಯಮಗಳಲ್ಲಿ ಗ್ರಾಮಸಭೆಯ ಉಲ್ಲೇಖವಿದ್ದರೂ ಅದು 'ಸಮಾಲೋಚನೆ'ಯ ರೂಪದಲ್ಲಿತ್ತು, ಕಡ್ಡಾಯ ಸಮ್ಮತಿಯ ರೂಪದಲ್ಲಿರಲಿಲ್ಲ. ಸದನದಲ್ಲಿ ನೀಡುವ ಭರವಸೆಗೂ ಕಾಯ್ದೆಯಲ್ಲಿ ಬರೆಯುವ ಮಾತಿಗೂ ಇರುವ ಅಂತರಕ್ಕೆ ಈ ಪ್ರಸಂಗ ನಿದರ್ಶನವಾಗಿದೆ.

ಸ್ಥಾಯಿ ಸಮಿತಿ ಮತ್ತು ವನ್ಯಜೀವಿ ತಿದ್ದುಪಡಿ

2019ರಲ್ಲಿ ರಮೇಶ್ ವಿಜ್ಞಾನ, ತಂತ್ರಜ್ಞಾನ, ಪರಿಸರ ಮತ್ತು ಅರಣ್ಯ ವಿಷಯಗಳ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. 2021ರ ಡಿಸೆಂಬರ್‌ನಲ್ಲಿ ಮಂಡನೆಯಾದ ವನ್ಯಜೀವಿ (ಸಂರಕ್ಷಣಾ) ತಿದ್ದುಪಡಿ ಮಸೂದೆ ಈ ಸಮಿತಿಗೆ ಬಂದಿತು. 2022ರ ಏಪ್ರಿಲ್‌ನಲ್ಲಿ ಸಮಿತಿ ವರದಿ ಸಲ್ಲಿಸಿತು.

ಮಾಲೀಕತ್ವದ ಪ್ರಮಾಣಪತ್ರವಿರುವ ಸಾಕಾನೆಗಳ ವಿಷಯ ಹೆಚ್ಚು ಚರ್ಚೆಗೆ ಒಳಗಾಯಿತು. ಮೂಲ ಮಸೂದೆಯ ಪದಬಳಕೆಯು ಆನೆಗಳ ವಾಣಿಜ್ಯ ಮಾರಾಟಕ್ಕೆ ದಾರಿ ಮಾಡಿಕೊಡಬಹುದೆಂಬ ಆಕ್ಷೇಪವಿತ್ತು. ಅಂತಿಮ ಕಾಯ್ದೆಯಲ್ಲಿ ಮಾತು ಬದಲಾಗಿ, ಧಾರ್ಮಿಕ ಅಥವಾ ಇತರ ಉದ್ದೇಶಕ್ಕೆ ಆನೆಯ ವರ್ಗಾವಣೆಯು ಕೇಂದ್ರವು ವಿಧಿಸುವ ಷರತ್ತುಗಳಿಗೆ ಒಳಪಟ್ಟಿತು. 'ಇತರ ಉದ್ದೇಶ' ಎಂಬ ಮಾತು ಅಸ್ಪಷ್ಟವೆಂಬ ಟೀಕೆ ಉಳಿಯಿತು. ಮಸೂದೆಗೆ 8 ಡಿಸೆಂಬರ್ 2022ರಂದು ರಾಜ್ಯಸಭೆ ಒಪ್ಪಿಗೆ ನೀಡಿತು.

ಜಂಟಿ ಸಮಿತಿಗಳ ವಿವಾದ

ಇದೇ ವಿಷಯಕ್ಷೇತ್ರದ ಇನ್ನೆರಡು ಮಸೂದೆಗಳು ಸ್ಥಾಯಿ ಸಮಿತಿಗೆ ಬರಲಿಲ್ಲ. ಜೀವವೈವಿಧ್ಯ ತಿದ್ದುಪಡಿ ಮಸೂದೆ, 2021 ಮತ್ತು ಅರಣ್ಯ (ಸಂರಕ್ಷಣಾ) ತಿದ್ದುಪಡಿ ಮಸೂದೆ, 2023 ಇವೆರಡನ್ನೂ ಸಂಸತ್ತಿನ ಜಂಟಿ ಸಮಿತಿಗಳಿಗೆ ಒಪ್ಪಿಸಲಾಯಿತು. ವಿಷಯಕ್ಕೆ ಸಂಬಂಧಿಸಿದ ಸ್ಥಾಯಿ ಸಮಿತಿ ಇರುವಾಗ ಅದನ್ನು ಬದಿಗೊತ್ತುವುದು ಸರಿಯಲ್ಲವೆಂದು ರಮೇಶ್ ಆಕ್ಷೇಪಿಸಿದರು. ಸ್ಥಾಯಿ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷದವರದಾಗಿದ್ದರೆ, ಎರಡೂ ಜಂಟಿ ಸಮಿತಿಗಳ ಅಧ್ಯಕ್ಷರು ಆಡಳಿತ ಪಕ್ಷದವರಾಗಿದ್ದರು. ಅರಣ್ಯ ಮಸೂದೆಯ ಜಂಟಿ ಸಮಿತಿಯು ಯಾವ ಬದಲಾವಣೆಯನ್ನೂ ಸೂಚಿಸಲಿಲ್ಲ. ಕೆಲವು ಸದಸ್ಯರು ಭಿನ್ನಮತ ಟಿಪ್ಪಣಿ ಸಲ್ಲಿಸಿದರು. 2 ಆಗಸ್ಟ್ 2023ರಂದು ಮಸೂದೆಗೆ ರಾಜ್ಯಸಭೆಯ ಒಪ್ಪಿಗೆ ದೊರೆಯಿತು.

ಯಾವ ಭೂಮಿಯನ್ನು ಅರಣ್ಯವೆಂದು ಕರೆಯಬೇಕೆಂಬುದು ಈ ತಿದ್ದುಪಡಿಯ ಮೂಲಪ್ರಶ್ನೆ. ನಿಘಂಟಿನ ಅರ್ಥದಲ್ಲಿ ಕಾಡೆನಿಸುವ ಎಲ್ಲ ಭೂಮಿಗೂ ಕಾಯ್ದೆ ಅನ್ವಯಿಸುತ್ತದೆಂದು 1996ರ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ತಿದ್ದುಪಡಿಯು ಅಧಿಸೂಚಿತ ಹಾಗೂ ದಾಖಲೆಗಳಲ್ಲಿರುವ ಅರಣ್ಯಗಳಿಗೆ ಅದನ್ನು ಸೀಮಿತಗೊಳಿಸಿತು. 19 ಫೆಬ್ರವರಿ 2024ರ ಮಧ್ಯಂತರ ಆದೇಶದಲ್ಲಿ, 1996ರ ಅರ್ಥವನ್ನೇ ಸದ್ಯಕ್ಕೆ ಅನುಸರಿಸುವಂತೆ ಸುಪ್ರೀಂ ಕೋರ್ಟ್ ಸೂಚಿಸಿತು. ಡೀಮ್ಡ್ ಅರಣ್ಯಗಳ ಗುರುತಿಸುವಿಕೆ ದೀರ್ಘಕಾಲದ ವಿವಾದವಾಗಿರುವ ಕರ್ನಾಟಕಕ್ಕೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದೆ.

ಕೃತಿಗಳು

ಸಚಿವರಾಗಿದ್ದ ಅವಧಿಯ ಭಾಷಣ, ಪತ್ರ ಹಾಗೂ ಆದೇಶಗಳನ್ನು ಆಧರಿಸಿದ 'ಗ್ರೀನ್ ಸಿಗ್ನಲ್ಸ್' (2015) ಮತ್ತು ಇಂದಿರಾ ಗಾಂಧಿಯವರ ಪರಿಸರಾಸಕ್ತಿಯನ್ನು ಕುರಿತ 'ಇಂದಿರಾ ಗಾಂಧಿ: ಎ ಲೈಫ್ ಇನ್ ನೇಚರ್' (2017) ಈ ವಿಷಯದಲ್ಲಿ ರಮೇಶ್ ಅವರ ಪ್ರಮುಖ ಇಂಗ್ಲಿಷ್ ಕೃತಿಗಳು.