ವನಭೋಜನವೂ ಮನಸ್ಸಿನ ಸ್ವಾಸ್ಥ್ಯವೂ

ಆಲ್ಕೊಳದಿಂದ ಸಾಗರದ ಮಾರ್ಗವನ್ನು ಹಿಡಿದವರಿಗೆ ಮಲೆನಾಡಿನ ಗುಡ್ಡಗಳು ಬಹು ದೂರವಲ್ಲ. ಹೀಗಿದ್ದರೂ ನಮ್ಮ ಬಾಲಿಕೆಯರಲ್ಲಿ ಅನೇಕರು ಪರೀಕ್ಷೆಯ ವರ್ಷವನ್ನು ನಾಲ್ಕು ಗೋಡೆಗಳ ನಡುವೆಯೇ ಕಳೆಯುತ್ತಾರೆ. ನಿದ್ರೆ ಕೆಡುವುದು, ಊಟ ಸೇರದಿರುವುದು, ಗೆಳತಿಯರೊಡನೆ ಬೆರೆಯದಿರುವುದು ಇವನ್ನು ಹಿರಿಯರಾದ ನಾವು ಸೋಮಾರಿತನವೆಂದು ಗದರಿಸುವುದುಂಟು. ಅದು ಮನಸ್ಸಿನ ಬಳಲಿಕೆಯಾಗಿರಬಹುದೆಂದು ತಾಯ್ತಂದೆಗಳು ಅರಿಯಬೇಕು.

ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ಅಟ್ಟುಣ್ಣುವ ವನಭೋಜನವು ನಮ್ಮ ನಾಡಿನ ಹಳೆಯ ವಾಡಿಕೆ. ಭಾರತದಲ್ಲಿ 1911ರಲ್ಲಿ ಜಬಲ್ಪುರದಲ್ಲಿ ಮೊದಲಾದ ಬಾಲಿಕೆಯರ ಗೈಡ್ ಚಳವಳಿಯೂ ಬಯಲಡಿಗೆಯನ್ನೂ ಕಾಲ್ನಡಿಗೆಯನ್ನೂ ಶಿಕ್ಷಣದ ಅಂಗವಾಗಿ ಎಣಿಸಿತು.

ಇದರಿಂದ ಮನಸ್ಸಿಗೆ ಹಿತವಾಗುವುದು ಹೇಗೆ? ಬಳಲಿದ ಮನಸ್ಸು ಗಾಣದೆತ್ತಿನಂತೆ ಒಂದೇ ಚಿಂತೆಯನ್ನು ಸುತ್ತುತ್ತಿರುವುದು. ಉತ್ಸಾಹ ಬಂದಮೇಲೆ ಕೆಲಸವೆಂದು ಕಾದರೆ ಉತ್ಸಾಹವು ಬಾರದು. ಚಿಕ್ಕದೊಂದು ಕೆಲಸಕ್ಕೆ ಕೈಹಚ್ಚಿದರೆ ಅದರ ಹಿಂದೆಯೇ ಮೆಲ್ಲನೆ ಬರುವುದುಂಟು. ಮನೋವೈದ್ಯರೂ ಈ ಕ್ರಮವನ್ನು ಚಿಕಿತ್ಸೆಯಲ್ಲಿ ಬಳಸುತ್ತಾರೆ. ಏರುಹಾದಿಯಲ್ಲಿ ಕಾಲಿಡುವ ಕಲ್ಲನ್ನು ನೋಡಲೇಬೇಕು, ಒಲೆಯ ಮುಂದೆ ಉರಿಯನ್ನು ಕಾಯಲೇಬೇಕು. ಅಷ್ಟು ಹೊತ್ತು ಚಿಂತೆಗೆ ಬಿಡುವು. ಹಗಲಿನ ಬೆಳಕೂ ಮೈದಣಿವೂ ರಾತ್ರಿಯ ನಿದ್ರೆಗೆ ನೆರವಾಗುತ್ತವೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಸಾಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಗಾಳಿಯ ಮರೆಯಲ್ಲಿ ಮೂರು ಕಲ್ಲುಗಳನ್ನು ಹೂಡಿರಿ. ಪಾತ್ರೆಯ ಹೊರಮೈಗೆ ಒದ್ದೆ ಬೂದಿಯನ್ನು ಬಳಿದರೆ ಮಸಿಯು ಸುಲಭವಾಗಿ ತೊಳೆದುಹೋಗುವುದು. ಅನ್ನ, ಸಾರು, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಇಷ್ಟು ಸಾಕು. ಮೌನವಾಗಿರುವ ಹುಡುಗಿಯನ್ನು ಮಾತಾಡೆಂದು ಒತ್ತಾಯಿಸದೆ ಅಕ್ಕಿ ತೊಳೆಯುವ ಕೆಲಸವನ್ನು ಕೊಡಿರಿ. ಮಗ್ಗುಲಲ್ಲಿ ಕುಳಿತು ದುಡಿಯುವಾಗ ಮಾತು ತಾನಾಗಿಯೇ ಹೊರಡುವುದುಂಟು.

ನಡಿಗೆಗೆ ಮೊದಲು ನಮ್ಮ ಊರಿನ ಗುಡ್ಡೇಕಲ್ಲೇ ಸಾಕು. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಅಭ್ಯಾಸವಾದ ಬಳಿಕ, ಮಳೆಗಾಲ ಕಳೆದ ಮೇಲೆ, ಹಿರಿಯರೊಡನೆ ಏರಬಹುದು. ಒಲೆಯನ್ನು ಮಾತ್ರ ನಮ್ಮ ಹಿತ್ತಲು ತೋಟಗಳಲ್ಲಿಯೇ ಹೂಡಿ, ಕಡೆಗೆ ನೀರು ಸುರಿದು ಪೂರ್ತಿ ಆರಿಸತಕ್ಕದ್ದು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1963ರ ಕರ್ನಾಟಕ ಅರಣ್ಯ ಅಧಿನಿಯಮವು ನಿಷೇಧಿಸಿದೆ. ಆದುದರಿಂದ ಬೆಟ್ಟಕ್ಕೆ ಬುತ್ತಿಯನ್ನೇ ಒಯ್ಯಬೇಕು.

ಇದೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳೆವು. ಎರಡು ವಾರ ಕಳೆದರೂ ದುಃಖವು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರಂತೂ ಒಂದು ದಿನವನ್ನೂ ಕಾಯಬಾರದು. 2022ರಿಂದ ನಡೆಯುತ್ತಿರುವ ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ. ಕಾಲು ಮುರಿದ ಮಗಳನ್ನು ವೈದ್ಯರ ಬಳಿಗೆ ಕರೆದೊಯ್ಯಲು ನಾಚದ ನಾವು, ಮನಸ್ಸು ನೊಂದವಳ ವಿಷಯದಲ್ಲಿ ನಾಚುವುದೇಕೆ?