ಫಿರಂಗಿಗೂ ಬೆಚ್ಚದ ನಿಲುವು

ಜನವರಿ 26ರ ಬೆಳಗು. ಕರ್ತವ್ಯ ಪಥದ ಮೇಲೆ ದೆಹಲಿಯ ಮಂಜು ಇನ್ನೂ ಪೂರ್ತಿ ಕರಗಿಲ್ಲ. ರೈಸಿನಾ ಗುಡ್ಡದ ಕಡೆಯಿಂದ ಮೊದಲು ಗೊರಸಿನ ಸದ್ದು, ಆಮೇಲೆ ಕೆಂಪು ಬಣ್ಣ. ಉದ್ದನೆಯ ಕೆಂಪು ಕೋಟು, ನೀಲಿ–ಜರಿಯ ಪೇಟ, ಮೊಣಕಾಲು ದಾಟಿದ ಕರಿ ಬೂಟು, ಕೆಂಪು–ಬಿಳಿ ಪತಾಕೆ ಕಟ್ಟಿದ ಈಟಿ. ರಾಷ್ಟ್ರಪತಿಗಳ ಅಂಗರಕ್ಷಕ ಪಡೆ ಬರುತ್ತಿದೆ. ಕುದುರೆಗಳೆಲ್ಲ ಕಂದು; ಕಹಳೆಯವನದು ಮಾತ್ರ ಬೂದು.

ವಾಹನದಿಂದ ರಾಷ್ಟ್ರಪತಿ ಇಳಿಯುತ್ತಾರೆ. ಧ್ವಜ ಬಿಚ್ಚಿಕೊಳ್ಳುತ್ತದೆ, ರಾಷ್ಟ್ರಗೀತೆ ಮೊದಲಾಗುತ್ತದೆ, ಅದರ ಜೊತೆಗೇ ಫಿರಂಗಿಗಳು. 52 ಸೆಕೆಂಡುಗಳಲ್ಲಿ 21 ಗುಂಡು. ಕುದುರೆ ಹುಟ್ಟಾ ಪುಕ್ಕಲು ಪ್ರಾಣಿ. ಸದ್ದಾದರೆ ಓಡುವುದೇ ಅದಕ್ಕೆ ಗೊತ್ತಿರುವ ರಕ್ಷಣೆ. ಆದರೂ ಸಾಲು ಕದಲುವುದಿಲ್ಲ. ಒಂದರ ಕಿವಿ ಹಿಂದಕ್ಕೆ ಮಡಚುತ್ತದೆ, ಇನ್ನೊಂದರ ಭುಜದ ಚರ್ಮ ಅದುರುತ್ತದೆ, ಅಷ್ಟೇ. ಬೆನ್ನಮೇಲಿನ ಸವಾರನನ್ನು ನಂಬಿ ಅದು ನಿಂತಿದೆ. ಆ ನಂಬಿಕೆ ದಿನದಿನದ ತಾಲೀಮಿನಿಂದ, ಲಾಯದಲ್ಲಿ ಮೈ ತಿಕ್ಕಿದ ಕೈಗಳಿಂದ ಬಂದದ್ದು. ಇಡೀ ಮೆರವಣಿಗೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ನೋಟವಿಲ್ಲ.

ಪಡೆ ಹುಟ್ಟಿದ್ದು 1773ರಲ್ಲಿ, ಬನಾರಸಿನಲ್ಲಿ, ವಾರನ್ ಹೇಸ್ಟಿಂಗ್ಸ್‌ನ ಕಾವಲಿಗೆಂದು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಿಗಾಗಿ ಕಟ್ಟಿದ್ದು ಗಣರಾಜ್ಯದ ಪ್ರಥಮ ಪ್ರಜೆಯ ಪಾಲಿಗೆ ಬಂತು. 1947ರಲ್ಲಿ ಪಡೆಯನ್ನೇ ಭಾರತ–ಪಾಕಿಸ್ತಾನಗಳಿಗೆ ಹಂಚಲಾಯಿತು. ಚಿನ್ನದ ಲೇಪದ ಸಾರೋಟು ಯಾರಿಗೆಂಬುದು ನಾಣ್ಯ ಚಿಮ್ಮಿ ತೀರ್ಮಾನವಾಗಿ ನಮಗೆ ಉಳಿಯಿತೆಂದು ಹೇಳುತ್ತಾರೆ. ಈ ಸವಾರರು ಪ್ಯಾರಾಚೂಟ್ ಕಟ್ಟಿ ಜಿಗಿಯಬಲ್ಲ ಯೋಧರೂ ಹೌದು. ಸಿಯಾಚಿನ್‌ನ ಹಿಮದಲ್ಲಿ ಕಾವಲು ಕಾದು ಬಂದವರು ಇವರಲ್ಲಿದ್ದಾರೆ.

2022ರ ಗಣರಾಜ್ಯೋತ್ಸವದಲ್ಲಿ ಕಮಾಂಡೆಂಟರ ಕುದುರೆ ವಿರಾಟ್ ಸೇವೆಯಿಂದ ನಿವೃತ್ತವಾಯಿತು. ಹ್ಯಾನೋವೇರಿಯನ್ ತಳಿಯದು, 2003ರಲ್ಲಿ ಪಡೆ ಸೇರಿತ್ತು, 13 ಪೆರೇಡುಗಳಲ್ಲಿ ನಡೆದಿತ್ತು. ಕೆಲವೇ ದಿನಗಳ ಹಿಂದೆ ಸೇನಾ ಮುಖ್ಯಸ್ಥರ ಪ್ರಶಂಸಾಪತ್ರವೂ ಅದಕ್ಕೆ ಸಂದಿತ್ತು. ಪೆರೇಡು ಮುಗಿದಾಗ ರಾಷ್ಟ್ರಪತಿ ರಾಮನಾಥ ಕೋವಿಂದ್, ಪ್ರಧಾನಿ, ರಕ್ಷಣಾ ಸಚಿವರು ಒಬ್ಬೊಬ್ಬರಾಗಿ ಬಂದು ಅದರ ಮೈ ನೇವರಿಸಿದರು. ಮಾತು ಬಾರದ ಸಿಪಾಯಿಗೆ ದೇಶ ಕೊಟ್ಟ ಆ ಬೀಳ್ಕೊಡುಗೆ ನೋಡಿ ನನ್ನ ಗಂಟಲು ಕಟ್ಟಿತ್ತು.

ದೆಹಲಿಗೆ ಹೋದರೆ ಒಂದು ಶನಿವಾರವನ್ನು ಉಳಿಸಿಟ್ಟುಕೊಳ್ಳಿ. ರಾಷ್ಟ್ರಪತಿ ಭವನದ ಮುಂದಿನ ಅಂಗಳದಲ್ಲಿ ಕಾವಲು ಬದಲಾವಣೆಯ ಸಮಾರಂಭ ನಡೆಯುತ್ತದೆ. ಮುಂಗಡವಾಗಿ ಜಾಗ ಕಾಯ್ದಿರಿಸಿದರೆ ಯಾರು ಬೇಕಾದರೂ ನೋಡಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ.