ಕಟ್ಟುವುದೂ ಅದೇ, ಕೆಡುವುದೂ ಅದೇ

1931ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬಿಬ್ಬರು ಇಲಿಗಳ ಲಿವರ್‌ನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಕೆಲವೇ ವಾರಗಳಲ್ಲಿ ಅದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬಂತು. ಹಲ್ಲಿಯ ಬಾಲದಂತೆ ಕಡಿದ ಭಾಗವೇ ಮತ್ತೆ ಮೂಡಿದ್ದಲ್ಲ. ಉಳಿದ ಹಾಲೆಗಳು ಹಿಗ್ಗಿ ಕೊರತೆ ತುಂಬಿದವು. ಇಂದು ಆರೋಗ್ಯವಂತರೊಬ್ಬರು ಅರ್ಧಕ್ಕೂ ಹೆಚ್ಚು ಲಿವರ್ ದಾನ ಮಾಡಿ ಚೆನ್ನಾಗಿಯೇ ಬಾಳುವುದಕ್ಕೆ ಈ ಗುಣವೇ ಆಧಾರ. ಹೀಗೆ ಬೆಳೆಸುವವರು ಯಾರು? ರಕ್ತ, ಚರ್ಮ, ಕರುಳುಗಳಲ್ಲಿ ಆ ಕೆಲಸಕ್ಕೆಂದೇ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇವೆ. ಲಿವರ್‌ನಲ್ಲೂ ಇರಲೇಬೇಕೆಂದು ವಿಜ್ಞಾನಿಗಳು ದಶಕಗಳ ಕಾಲ ಹುಡುಕಿದರು. ಆ ಹುಡುಕಾಟದ ಫಲವನ್ನು ಒಟ್ಟಾಗಿ ನೋಡಿದರೆ ನನಗನಿಸುವುದಿಷ್ಟು: ಲಿವರ್ ಅನ್ನು ಕಟ್ಟುವ ಕೋಶವೂ, ಬಹುಪಾಲು ಕೆಟ್ಟು ಕ್ಯಾನ್ಸರ್ ಆಗುವ ಕೋಶವೂ ದಿನನಿತ್ಯ ದುಡಿಯುವ ಸಾಮಾನ್ಯ ಲಿವರ್ ಕೋಶವೇ, ಹೆಪಟೊಸೈಟೇ.

ಅನುಮಾನ ಬೇರೆ ಕಡೆ ಹರಿದದ್ದಕ್ಕೆ ಕಾರಣವಿತ್ತು. ಕ್ಯಾನ್ಸರ್‌ಕಾರಕ ರಾಸಾಯನಿಕ ತಿನ್ನಿಸಿದ ಇಲಿಗಳ ಲಿವರ್‌ನಲ್ಲಿ ಮೊಟ್ಟೆಯಾಕಾರದ ಪುಟ್ಟ ಕೋಶಗಳು ಗುಂಪುಗೂಡುವುದನ್ನು 1956ರಲ್ಲಿ ಇಮ್ಯಾನುಯೆಲ್ ಫಾರ್ಬರ್ ವಿವರಿಸಿದರು. ಬಹುಕಾಲದ ಹೆಪಟೈಟಿಸ್, ಲಿವರ್ ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಇರುವ ಮನುಷ್ಯರ ಲಿವರ್‌ನಲ್ಲೂ ಪಿತ್ತನಾಳಗಳ ಬಳಿ ಅಂಥವೇ ಕೋಶಗಳು ಕಾಣುತ್ತವೆ. ಕೆಲವು ಕ್ಯಾನ್ಸರ್ ಗೆಡ್ಡೆಗಳಲ್ಲಿ ಪಿತ್ತನಾಳದ ಕೋಶದ ಗುರುತಾದ ಕೆರಾಟಿನ್ 19 ಪ್ರೋಟೀನ್ ಸಿಗುತ್ತದೆ. ಅಂಥ ಗೆಡ್ಡೆಗಳು ಹೆಚ್ಚು ಉಗ್ರವೂ ಹೌದು. ಹಾಗಾಗಿ ರಿಪೇರಿಗೆ ಬಂದ ಆಕರಕೋಶವೇ ದಾರಿ ತಪ್ಪಿ ಕ್ಯಾನ್ಸರ್ ಆಗುತ್ತದೆಂಬ ಕಥೆ ಗಟ್ಟಿಯಾಯಿತು. ಆದರೆ ಸ್ಥಳದಲ್ಲಿ ಕಂಡವರೆಲ್ಲ ಅಪರಾಧಿಗಳಲ್ಲ. ಒಂದು ಬಗೆಯ ಕೋಶಕ್ಕೆ ಮಾತ್ರ ಅಳಿಯದ ಬಣ್ಣ ಹಚ್ಚಿ, ಅದರ ಮರಿಮಕ್ಕಳನ್ನೂ ಗುರುತಿಸಬಲ್ಲ ತಳಿತಂತ್ರ ಕೈಗೆ ಬಂದಮೇಲೆ ಚಿತ್ರ ಬದಲಾಯಿತು. ಇಲಿಗಳಲ್ಲಿ ಬಗೆಬಗೆಯ ಹಾನಿಯ ನಂತರ ಹುಟ್ಟಿದ ಹೊಸ ಹೆಪಟೊಸೈಟ್‌ಗಳೆಲ್ಲ ಬಹುತೇಕ ಹಳೆಯ ಹೆಪಟೊಸೈಟ್‌ಗಳ ಸಂತಾನವೆಂದು 2014ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆನ್ ಸ್ಟ್ಯಾಂಗರ್ ತಂಡ ತೋರಿಸಿತು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ಶ್ವಾಬೆ ತಂಡ ಕ್ಯಾನ್ಸರ್ ಗೆಡ್ಡೆಗಳ ಜಾಡು ಹಿಡಿದಾಗಲೂ ಮೂಲ ಹೆಪಟೊಸೈಟೇ ಆಗಿತ್ತು. ಹೆಪಟೊಸೈಟ್ ರೂಪ ಬದಲಿಸಿ ನಾಳಕೋಶದ ಲಕ್ಷಣ ತಾಳಬಲ್ಲದಾದ್ದರಿಂದ, ಗೆಡ್ಡೆಯ ಮೇಲಿನ ಗುರುತೊಂದನ್ನೇ ನಂಬಿ ಅದರ ತವರನ್ನು ಹೇಳಲಾಗದು.

ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ರಯೋಗದ ಇಲಿಗೆ ಹಾನಿ ವಾರಗಳದ್ದು, ಸಿರೋಸಿಸ್ ರೋಗಿಗೆ ದಶಕಗಳದ್ದು. ಅಷ್ಟರಲ್ಲಿ ಅನೇಕ ಹೆಪಟೊಸೈಟ್‌ಗಳು ದಣಿದು ವಿಭಜನೆಯನ್ನೇ ನಿಲ್ಲಿಸಿರುತ್ತವೆ. ಎಡಿನ್‌ಬರೋದ ಸ್ಟುವರ್ಟ್ ಫೋರ್ಬ್ಸ್ ತಂಡ 2017ರಲ್ಲಿ ಇದೇ ಸ್ಥಿತಿಯನ್ನು ಇಲಿಗಳಲ್ಲಿ ಉಂಟುಮಾಡಿತು. ಹೆಪಟೊಸೈಟ್‌ಗಳ ವಿಭಜನೆಯನ್ನು ತಡೆದಾಗ ಪಿತ್ತನಾಳದ ಕೋಶಗಳು ಹೆಪಟೊಸೈಟ್‌ಗಳಾಗಿ ಮಾರ್ಪಟ್ಟವು. ಅಂದಮೇಲೆ ಮೀಸಲು ಪಡೆಯೊಂದು ಇದೆ, ಒಪ್ಪೋಣ. ಆದರೆ ಸಿರೋಸಿಸ್ ಆದ ಲಿವರ್‌ನಲ್ಲಿ ಈ ಪಡೆ ದಂಡಿಯಾಗಿ ನೆರೆದಿದ್ದರೂ ಲಿವರ್ ಸೋಲುತ್ತದಲ್ಲ! ಕೊರತೆ ಮುಖ್ಯವಾಗಿ ಕೋಶಗಳದ್ದಲ್ಲ. ವೈರಸ್ಸೋ ಮದ್ಯವೋ ಕೊಬ್ಬೋ ಸುಡುತ್ತಲೇ ಇರುತ್ತದೆ, ಕಲೆಗಟ್ಟಿದ ನಾರು ಜಾಗ ಬಿಡುವುದಿಲ್ಲ. ಆ ಬೇಗೆಯ ನಡುವೆ ಸತ್ತವುಗಳ ಬದಲಿಗೆ ಮತ್ತೆಮತ್ತೆ ವಿಭಜಿಸಬೇಕಾದ ಹೆಪಟೊಸೈಟ್‌ನ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತ ಹೋಗುತ್ತವೆ. ಲಿವರ್ ಕ್ಯಾನ್ಸರ್ ಬಹುತೇಕ ಸಿರೋಸಿಸ್‌ನ ಬೆನ್ನಿಗೇ ಬರುವುದು ಇದರಿಂದ.

ಹೀಗಿರುವಾಗ ಹೊರಗಿನಿಂದ ಕೋಶ ಚುಚ್ಚಿದರೆ ಏನಾದೀತು? ಬ್ರಿಟನ್ನಿನಲ್ಲಿ 81 ಸಿರೋಸಿಸ್ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ರಿಯಲಿಸ್ಟಿಕ್ ಎಂಬ ಪರೀಕ್ಷೆ ಇದನ್ನೇ ಕೇಳಿತ್ತು. ರೋಗಿಯದೇ ಅಸ್ಥಿಮಜ್ಜೆಯ ಆಕರಕೋಶಗಳನ್ನು ರಕ್ತಕ್ಕಿಳಿಸಿ, ಶುದ್ಧೀಕರಿಸಿ ಕೊಟ್ಟರೂ ಮಾಮೂಲಿ ಚಿಕಿತ್ಸೆಗಿಂತ ಗುಣ ಹೆಚ್ಚಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಇಂಥ ಪ್ರಯೋಗವನ್ನು ಅನುಮತಿ ಪಡೆದ ಪರೀಕ್ಷೆಯ ಹೊರಗೆ ಚಿಕಿತ್ಸೆಯೆಂದು ಒಪ್ಪುವುದಿಲ್ಲ. ಕಸಿಗೆ ಲಿವರ್ ಸಿಗದವರು ಒಂದು ಕೈ ನೋಡಿದರೆ ತಪ್ಪೇನು ಎಂದು ಕೇಳಬಹುದು. ಪರೀಕ್ಷೆಗೆ ಸೇರಲಿ, ತಪ್ಪಿಲ್ಲ. ರುಜುವಾತಾಗದ ಚುಚ್ಚುಮದ್ದಿಗೆ ಮನೆ ಮಾರಿಸುವುದು ಮಾತ್ರ ತಪ್ಪು.

ಬೇಗೆಯನ್ನೇ ಆರಿಸಿದಾಗ ಸಿಕ್ಕ ಫಲ ಇದಕ್ಕಿಂತ ದೊಡ್ಡದು. ತೈವಾನ್ 1984ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಶುರುಮಾಡಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ, ಹತ್ತು ವರ್ಷ ಕಳೆಯುವಷ್ಟರಲ್ಲಿ 0.36ಕ್ಕೆ ಇಳಿಯಿತು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ವೈರಸ್ ಹೋದ ಮೇಲೆ ಕೆಲವರಲ್ಲಿ ಕಲೆಯೂ ಕರಗುತ್ತದೆ. ಕೊಬ್ಬಿನ ಲಿವರ್‌ಗೆ ಇಂಥ ಲಸಿಕೆಯಿಲ್ಲ. ಅಲ್ಲಿ ಮದ್ಯ, ಸಕ್ಕರೆ ಕಾಯಿಲೆ, ಸೊಂಟದ ಸುತ್ತಳತೆಗಳ ವಿಚಾರಣೆಯೇ ನಡೆಯಬೇಕು, ಅದೂ ಸಿರೋಸಿಸ್ ಆದಮೇಲಲ್ಲ. ಸ್ಕ್ಯಾನ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದು ಬಂದ ದಿನವೇ.